ನಾಟಕ ಓದುವ ಮೂರು ವರ್ಷ

ಪಿಯುಸಿ ಫಲಿತಾಂಶ ಬಂದ ಮೇಲೆ ನನ್ನಂಥ ಮೇಷ್ಟ್ರುಗಳ ಮನೆಗೆ ಒಂದು ಬಗೆಯ ಅತಿಥಿಗಳು ಬರುವುದುಂಟು. ಅಪ್ಪ ಮುಂದೆ ಕೂತಿರುತ್ತಾರೆ. ಪಕ್ಕದಲ್ಲಿ ಅಮ್ಮ. ಮಗನೋ ಮಗಳೋ ಬಾಗಿಲ ಹತ್ತಿರ. ಕಾಫಿ ಮುಗಿಯುವವರೆಗೆ ಮಳೆ ಬೆಳೆಯ ಮಾತು. ಆಮೇಲೆ ಅಪ್ಪ ನಿಧಾನವಾಗಿ ಕೇಳುತ್ತಾರೆ: "ಸಾರ್, ಇವನು ಬಿ.ಎ.ಗೆ ನಾಟಕ ತಗೋತೀನಿ ಅಂತಾನೆ. ನಾಟಕದಲ್ಲಿ ಓದೋದು ಅಂತ ಏನಿರುತ್ತೆ?"

ಈ ಪ್ರಶ್ನೆಯಲ್ಲಿ ಕುಹಕ ಇರುವುದಿಲ್ಲ. ಕುತೂಹಲ ಇರುತ್ತದೆ, ಅದರ ಬೆನ್ನಿಗೇ ಭಯವೂ ಇರುತ್ತದೆ. ಇವತ್ತಿನ ನಮ್ಮ ಸಮಯವೆಲ್ಲ ಆ ಒಂದೇ ಪ್ರಶ್ನೆಗೆ. ಪದವಿ ತರಗತಿಯಲ್ಲಿ ನಾಟಕ, ರಂಗಭೂಮಿ, ಸಿನಿಮಾ ಓದುವುದೆಂದರೆ ಏನು? ಮೂರು ವರ್ಷ ಆ ಹುಡುಗ, ಆ ಹುಡುಗಿ ಅಲ್ಲಿ ಏನು ಮಾಡುತ್ತಾರೆ?

ನಾಟಕ ಓದುವುದೆಂದರೆ ನಟನೆ ಕಲಿಯುವುದು ಎಂದು ಬಹಳ ಜನ ಎಣಿಸಿದ್ದಾರೆ. ನಟನಾಗಲು ಪದವಿ ಬೇಕಿಲ್ಲ. ಕನ್ನಡದಲ್ಲಂತೂ ಎಂದೂ ಬೇಕಾಗಿರಲಿಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅಂಥ ಕಂಪನಿಗಳಿಗೆ ಸೇರಿದ ಹುಡುಗನಿಗೆ ಪಠ್ಯಪುಸ್ತಕ ಇರಲಿಲ್ಲ. ಅವನು ಪರದೆ ಎಳೆಯುತ್ತಿದ್ದ. ಪೆಟ್ಟಿಗೆ ಹೊರುತ್ತಿದ್ದ. ಪಕ್ಕದಲ್ಲಿ ನಿಂತು ದೊಡ್ಡವರ ಮಾತು, ಹಾಡು ಎಲ್ಲ ಬಾಯಿಪಾಠ ಮಾಡುತ್ತಿದ್ದ. ಒಂದು ರಾತ್ರಿ ಯಾರಿಗೋ ಜ್ವರ ಬರುತ್ತಿತ್ತು. ಬಣ್ಣ ಬಳಿದು ಇವನನ್ನು ಒಳಗೆ ನೂಕುತ್ತಿದ್ದರು. ಅದೇ ಅವನ ಪರೀಕ್ಷೆ. ಡಾ. ರಾಜ್‌ಕುಮಾರ್ ಶಾಲೆ ಓದುವ ವಯಸ್ಸಿನಲ್ಲೇ ಕಂಪನಿಯಲ್ಲಿದ್ದರು. ಅವರ ತಂದೆಯೂ ಕಂಪನಿಯ ನಟರೇ. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ದಲ್ಲಿ ಅವರ ಜೊತೆ ನರಸಿಂಹರಾಜು ಇದ್ದರು, ಜಿ.ವಿ. ಅಯ್ಯರ್ ಇದ್ದರು. ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು.

ಕಂಪನಿಗಳ ಕಾಲ ಇಳಿದ ಮೇಲೆ ಶಾಲೆಗಳು ಬಂದವು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಶುರುವಾದದ್ದು 1959ರಲ್ಲಿ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ತನ್ನ ರಂಗಶಿಕ್ಷಣ ಕೇಂದ್ರವನ್ನು 1980ರಲ್ಲಿ ತೆರೆಯಿತು. ಮೈಸೂರಿನ ರಂಗಾಯಣ ಬಂದದ್ದು 1989ರಲ್ಲಿ, ಬಿ.ವಿ. ಕಾರಂತರ ನೇತೃತ್ವದಲ್ಲಿ. ರಂಗಶಾಲೆ ಅಂದರೆ ಬೆಳಗಿನಿಂದ ರಾತ್ರಿಯವರೆಗೆ ಅದೇ ಕೆಲಸ. ಮೈ ಪಳಗಿಸುವುದು, ಕಂಠ ಪಳಗಿಸುವುದು, ತಾಲೀಮು, ಮತ್ತೆ ತಾಲೀಮು.

ಪದವಿ ಕಾಲೇಜಿನಲ್ಲಿ ಅದು ನಡೆಯುವುದಿಲ್ಲ. ಗಂಟೆ ಹೊಡೆಯುತ್ತದೆ. ಮಕ್ಕಳು ಅರ್ಧ ಬಿಟ್ಟು ಇತಿಹಾಸದ ಕ್ಲಾಸಿಗೆ ಓಡಬೇಕು. ದೆಹಲಿಯ ನಾಟಕ ಶಾಲೆ ಕೂಡ ಪದವಿ ಮುಗಿಸಿದವರನ್ನೇ ಕೇಳುತ್ತದೆ. ಒಂದಷ್ಟು ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತದೆ.

ಹಾಗಾದರೆ ನಟನೆಗೆ ಕಂಪನಿ ಇತ್ತು, ರಂಗಶಾಲೆ ಇದೆ. ಈಗ ಪದವಿ ತರಗತಿಗೆ ಬರೋಣ.

ಬಹಳ ಕಾಲ ವಿಶ್ವವಿದ್ಯಾಲಯಗಳಲ್ಲಿ ನಾಟಕ ಇದ್ದದ್ದು ಸಾಹಿತ್ಯದ ಮನೆಯ ಒಂದು ಕೋಣೆಯಲ್ಲಿ. ಬ್ರಿಟನ್ನಿನಲ್ಲಿ ನಾಟಕಕ್ಕೇ ಅಂತ ಒಂದು ವಿಭಾಗವನ್ನು ಮೊದಲು ತೆರೆದದ್ದು ಬ್ರಿಸ್ಟಲ್ ವಿಶ್ವವಿದ್ಯಾಲಯ, 1947ರಲ್ಲಿ. ಶೇಕ್ಸ್‌ಪಿಯರನ ನಾಡಿನಲ್ಲೂ ಅಷ್ಟು ತಡ! ನಮ್ಮಲ್ಲೂ ಕನ್ನಡ ಎಂ.ಎ. ಓದಿದವರು ಕೈಲಾಸಂ, ಶ್ರೀರಂಗ, ಕಾರ್ನಾಡ್ ಎಲ್ಲರನ್ನೂ ಓದಿರುತ್ತಾರೆ. ಕೂತು ಓದಿರುತ್ತಾರೆ. ಪಾತ್ರಚಿತ್ರಣ ಬರೆಯಿರಿ ಎಂದರೆ ನಾಲ್ಕು ಪುಟ ಬರೆಯುತ್ತಾರೆ. ಆ ಪಾತ್ರ ರಂಗದ ಮೇಲೆ ಎಲ್ಲಿಂದ ಬರುತ್ತದೆ, ಬಂದಾಗ ಅದರ ಕೈಯಲ್ಲಿ ಏನಿರುತ್ತದೆ ಎಂದು ಕೇಳಿ ನೋಡಿ. ಪೆನ್ನು ನಿಲ್ಲುತ್ತದೆ. ನಾಟಕದ ತರಗತಿ ಶುರುವಾಗುವುದೇ ಆ ಪೆನ್ನು ನಿಂತ ಕಡೆ.

ಒಂದು ಉದಾಹರಣೆ ಹಿಡಿದು ನೋಡೋಣ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಪಾಠ ಇರುವುದು ಇಲ್ಲೇ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಿಮಗೆ ಗೊತ್ತು. 80ರ ದಶಕದ ಕೊನೆಯ ನಾಟಕ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳಿಂದ ಹುಟ್ಟಿದ್ದು. ರಾಣಿ ಎಂಬ ಎಳೆಯ ಹೆಂಡತಿ. ಅಪ್ಪಣ್ಣ ಎಂಬ ಗಂಡ. ಅವನು ಹೆಂಡತಿಯನ್ನು ಮನೆಯೊಳಗೆ ಕೂಡಿ, ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನ ಉಣ್ಣಲಿಕ್ಕೆ ಮಾತ್ರ ಬರುತ್ತಾನೆ. ಮುದುಕಿ ಕುರುಡವ್ವ ಒಂದು ಬೇರು ಕೊಡುತ್ತಾಳೆ. ಅದನ್ನು ಸಾರಿಗೆ ಹಾಕಿದರೆ ಸಾರು ಕೆಂಪಗೆ ಕುದಿಯುತ್ತದೆ. ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅವಳಿಗೆ ಒಲಿಯುತ್ತಾನೆ. ರಾತ್ರಿ ಬಚ್ಚಲ ಕಿಂಡಿಯಿಂದ ಮನೆಯೊಳಗೆ ಬರುತ್ತಾನೆ. ಬರುವುದು ಅಪ್ಪಣ್ಣನ ರೂಪದಲ್ಲಿ.

ಇಲ್ಲಿಂದ ಮಕ್ಕಳಿಗೆ ಪ್ರಶ್ನೆಗಳು. ಅಪ್ಪಣ್ಣ ಮತ್ತು ನಾಗ, ಎರಡನ್ನೂ ಒಬ್ಬನೇ ನಟ ಮಾಡಬೇಕು. ಹಾಗಾದರೆ ಈಗ ಬಂದವನು ಗಂಡನೋ ನಾಗನೋ, ನೋಡುವವರಿಗೆ ಹೇಗೆ ತಿಳಿಯಬೇಕು? ಅಂಗಿ ಬದಲಿಸಿದರೆ ಸಾಕು ಎನ್ನುತ್ತಾನೆ ಒಬ್ಬ ಹುಡುಗ. ಅಂಗಿ ಬದಲಾದರೆ ರಾಣಿಗೇ ಅನುಮಾನ ಬರುವುದಿಲ್ಲವೇ ಎನ್ನುತ್ತಾಳೆ ಒಬ್ಬ ಹುಡುಗಿ. ಬೆಳಕು ಬದಲಿಸೋಣ ಎನ್ನುತ್ತಾನೆ ಇನ್ನೊಬ್ಬ. ಮಧ್ಯಾಹ್ನಕ್ಕೆ ಒಂದು ಬೆಳಕು, ರಾತ್ರಿಗೆ ಇನ್ನೊಂದು. ಸರಿ, ಆದರೆ ಬೆಳಕು ಹೊತ್ತನ್ನು ಹೇಳುತ್ತದೆ. ಮನುಷ್ಯನನ್ನು ಹೇಳುತ್ತದೆಯೇ? ಕೊನೆಗೆ ನಡಿಗೆಗೆ ಬರುತ್ತಾರೆ, ದನಿಗೆ ಬರುತ್ತಾರೆ. ಗಂಡ ಅವಳನ್ನು ನೋಡದೆ ಮಾತಾಡುತ್ತಾನೆ, ನಾಗ ನೋಡಿ ಮಾತಾಡುತ್ತಾನೆ. ಇದನ್ನು ಯಾರೋ ಒಬ್ಬ ಮಾಡಿ ತೋರಿಸುತ್ತಾನೆ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಹೆಂಡತಿಯನ್ನು ಕಣ್ಣೆತ್ತಿ ನೋಡದ ಗಂಡ ಎಂದರೆ ಏನೆಂದು ಆ ವಯಸ್ಸಿನ ಮಕ್ಕಳಿಗೆ ಗೊತ್ತಿರುತ್ತದೆ. ಕೆಲವರು ಅದನ್ನು ಮನೆಯಲ್ಲೇ ಕಂಡಿರುತ್ತಾರೆ.

ಈ ನಾಟಕಕ್ಕೆ ಒಂದು ಚೌಕಟ್ಟು ಬೇರೆ ಇದೆ. ಮೊದಲಿಗೆ ಒಬ್ಬ ಲೇಖಕ ಬರುತ್ತಾನೆ. ತನ್ನ ನಾಟಕಗಳಿಂದ ಪ್ರೇಕ್ಷಕರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ ಅವನಿಗೆ ಶಾಪ ತಗುಲಿದೆ. ಒಂದು ಇಡೀ ರಾತ್ರಿ ಎಚ್ಚರ ಇರಬೇಕು, ಇಲ್ಲದಿದ್ದರೆ ಸಾವು. ಪಾಳು ಗುಡಿಯಲ್ಲಿ ಕೂತವನ ಮುಂದೆ ಊರಿನ ದೀಪಗಳೆಲ್ಲ ಸೇರಿ ಹರಟೆ ಹೊಡೆಯುತ್ತವೆ. ದೀಪದ ಕುಡಿಗಳು ಮಾತಾಡುತ್ತವೆ! ಅದನ್ನು ರಂಗದ ಮೇಲೆ ಹೇಗೆ ತರುತ್ತೀರಿ? ನಿಜವಾದ ದೀಪ ಹಿಡಿಸಿದರೆ ಸೆರಗಿನ ಚಿಂತೆ. ಬಲ್ಬ್ ಹಿಡಿಸಿದರೆ ಕುಡಿ ಅಲ್ಲಾಡುವುದಿಲ್ಲ. ಕೈಬೆರಳನ್ನೇ ಕುಡಿಯಂತೆ ಆಡಿಸಿ ತೋರಿಸಿದ ಮಕ್ಕಳಿದ್ದಾರೆ. ಇಷ್ಟೂ ಚರ್ಚೆ ಮುಗಿಯುವ ಹೊತ್ತಿಗೆ ಅವರಿಗೆ ನಾಟಕ ಅರ್ಥವಾಗಿರುತ್ತದೆ. ಪಾತ್ರಚಿತ್ರಣ ಬರೆಯಲು ಮತ್ತೆ ಹೇಳಿಕೊಡಬೇಕಿಲ್ಲ.

ಇನ್ನೊಂದು ವಿಷಯ. ಆ ತರಗತಿಯಲ್ಲಿ ಸುಮಾರು 20 ಮಕ್ಕಳಿದ್ದಾರೆ ಎನ್ನಿ. ರಾಣಿ ಆಗುವುದು ಒಬ್ಬಳು. ಉಳಿದವರು ಬೀಗ ಹುಡುಕುತ್ತಾರೆ, ಹುತ್ತ ಕಟ್ಟುತ್ತಾರೆ, ಬೆಳಕಿನ ಬೋರ್ಡಿನ ಮುಂದೆ ಕೂರುತ್ತಾರೆ, ಟಿಕೆಟ್ ಹರಿಯುತ್ತಾರೆ. ನನ್ನ ಪ್ರಕಾರ ಹೆಚ್ಚು ಕಲಿಯುವವನು ಬೆಳಕಿನ ಬೋರ್ಡಿನ ಮುಂದೆ ಕೂತವನು. ಅವನು ಪ್ರತಿ ತಾಲೀಮನ್ನೂ ಹೊರಗಿನಿಂದ ನೋಡುತ್ತಾನೆ. ನಿನ್ನೆ ಸರಿ ಇದ್ದ ದೃಶ್ಯ ಇವತ್ತು ಯಾಕೆ ಕೆಟ್ಟಿತು ಎಂದು ಎಲ್ಲರಿಗಿಂತ ಮೊದಲು ಅವನಿಗೆ ತಿಳಿಯುತ್ತದೆ. ಅಪ್ಪ ಅಮ್ಮಂದಿರು ಮಾತ್ರ ನಾಟಕ ನೋಡಲು ಬಂದು, "ನಮ್ಮವನು ಎಲ್ಲಿ, ಕಾಣಲೇ ಇಲ್ಲವಲ್ಲ" ಎಂದು ಬೇಜಾರು ಮಾಡಿಕೊಂಡು ಹೋಗುತ್ತಾರೆ.

ಇಲ್ಲಿಯವರೆಗೆ ಎರಡು ಮಾತಾಯಿತು. ಪದವಿ ತರಗತಿ ನಟರನ್ನು ತಯಾರಿಸುವ ಜಾಗವಲ್ಲ. ಅಲ್ಲಿ ನಾಟಕವನ್ನು ಮಾಡುತ್ತಾ ಓದುತ್ತಾರೆ, ಓದುತ್ತಾ ನೋಡಲು ಕಲಿಯುತ್ತಾರೆ. ಇನ್ನು ಸಿನಿಮಾ. ನಾಟಕದ ಪಕ್ಕದಲ್ಲಿ ಸಿನಿಮಾವನ್ನೂ ಯಾಕೆ ಇಡಬೇಕು?

ಕನ್ನಡದಲ್ಲಿ ಇವೆರಡು ಒಂದೇ ಮನೆಯಲ್ಲಿ ಬೆಳೆದವು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’, 1934ರದು. ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ನಾಟಕದವರು. 70ರ ದಶಕಕ್ಕೆ ಬನ್ನಿ. ‘ವಂಶವೃಕ್ಷ’ವನ್ನು ಕಾರ್ನಾಡ್ ಮತ್ತು ಬಿ.ವಿ. ಕಾರಂತ ಸೇರಿ ನಿರ್ದೇಶಿಸಿದರು. ಒಬ್ಬರು ನಾಟಕ ಬರೆಯುವವರು, ಇನ್ನೊಬ್ಬರು ನಾಟಕ ಆಡಿಸುವವರು. 1975ರ ‘ಚೋಮನ ದುಡಿ’ ಕಾರಂತರದೇ. ಅದು ರಾಷ್ಟ್ರದ ಅತ್ಯುತ್ತಮ ಚಿತ್ರವಾಯಿತು. ಚೋಮನ ಪಾತ್ರಕ್ಕೆ ವಾಸುದೇವರಾಯರು ಅತ್ಯುತ್ತಮ ನಟರಾದರು. ರಂಗಸಂಗೀತ ಎಂದೊಡನೆ ನೆನಪಾಗುವ ಕಾರಂತರು ದುಡಿಯ ಸದ್ದನ್ನೇ ಕತೆ ಹೇಳುವ ಸಾಧನ ಮಾಡಿದರು. ಚಿತ್ರವನ್ನು ಮರೆತವರಿಗೂ ಆ ಸದ್ದು ಮರೆತಿಲ್ಲ. ಬಾನುಲಿ ಕೇಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಒಂದೇ ಮನೆಯವರಾದರೂ ಸ್ವಭಾವ ಬೇರೆ. ಅದೇ ‘ನಾಗಮಂಡಲ’ವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ಸಿನಿಮಾ ಮಾಡಿದರು. ಪ್ರಕಾಶ್ ರೈ ಅಪ್ಪಣ್ಣನೂ ಹೌದು, ನಾಗನೂ ಹೌದು. ತರಗತಿಯಲ್ಲಿ ನಾಟಕ ಆಡಿದ ಮಕ್ಕಳಿಗೆ ಆಮೇಲೆ ಆ ಚಿತ್ರ ತೋರಿಸಬೇಕು. ಮೊದಲು ತೋರಿಸಬಾರದು. ತಾವು ವಾರಗಟ್ಟಲೆ ಒದ್ದಾಡಿದ ಪ್ರಶ್ನೆಗೆ ಕ್ಯಾಮೆರಾ ಹೇಗೆ ಉತ್ತರ ಹುಡುಕಿದೆ ಎಂದು ಅವರು ಕಣ್ಣು ಕೀಲಿಸಿ ನೋಡುತ್ತಾರೆ. ರಂಗದಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನಿಗೆ ನಟನ ಕಣ್ಣು ಕಾಣುವುದಿಲ್ಲ, ಇಡೀ ಮೈ ಮಾತಾಡಬೇಕು. ಕ್ಯಾಮೆರಾ ಹತ್ತಿರ ಹೋಗುತ್ತದೆ. ರೆಪ್ಪೆ ಬಡಿದರೆ ಸಾಕು. ರಂಗದಲ್ಲಿ ಎಲ್ಲಿ ನೋಡಬೇಕೆಂದು ಪ್ರೇಕ್ಷಕ ಆರಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಅವನ ಪರವಾಗಿ ಇನ್ಯಾರೋ ಆರಿಸಿರುತ್ತಾರೆ. ಹೀಗೆ ನಮ್ಮ ಕಣ್ಣನ್ನು ಬೇರೆಯವರು ನಡೆಸುತ್ತಾರೆ ಎಂಬ ಅರಿವು ಇವತ್ತಿನ ಮಕ್ಕಳಿಗೆ ತುರ್ತಾಗಿ ಬೇಕು. ಅವರು ದಿನಕ್ಕೆ ಎಷ್ಟು ಗಂಟೆ ಮೊಬೈಲ್ ಪರದೆ ನೋಡುತ್ತಾರೆ ಎಂಬುದನ್ನು ನಾನು ಹೇಳಬೇಕೇ?

ನಾನು ಮಾಡಿಸುವ ಒಂದು ಅಭ್ಯಾಸವಿದೆ. ಒಂದೇ ದೃಶ್ಯ, ಎರಡು ನಿಮಿಷದ್ದು. ಮೊದಲು ರಂಗದ ಮೇಲೆ ಆಡಬೇಕು. ಆಮೇಲೆ ಅದನ್ನೇ ಮೊಬೈಲ್ ಕ್ಯಾಮೆರಾದಲ್ಲಿ ತೆಗೆಯಬೇಕು. ಮೂರನೆಯ ಸಲ ಬರೀ ದನಿಯಲ್ಲಿ, ರೇಡಿಯೊ ನಾಟಕದ ಹಾಗೆ. ಮೂರನೆಯದೇ ಎಲ್ಲಕ್ಕಿಂತ ಕಷ್ಟ. ಬೀಗ ಹಾಕಿದ್ದು ಕೇಳುವವರಿಗೆ ಗೊತ್ತಾಗಬೇಕು, ಆದರೆ "ಅಯ್ಯೋ ಬೀಗ ಹಾಕಿಬಿಟ್ಟರಲ್ಲ" ಎಂದು ರಾಣಿ ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಇನ್ನು, ಸಿನಿಮಾ ಓದು ಎಂದರೆ ನಟನೆ, ನಿರ್ದೇಶನ ಮಾತ್ರ ಅಲ್ಲ. ಗುರುದತ್ತರ ‘ಕಾಗಜ್ ಕೆ ಫೂಲ್’ಗೆ ಬೆಳಕು ಕಟ್ಟಿದ ವಿ.ಕೆ. ಮೂರ್ತಿ ಮೈಸೂರಿನವರು. ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, 40ರ ದಶಕದಲ್ಲಿ. ಗೋವಿಂದ ನಿಹಲಾನಿ ಕೂಡ ಅಲ್ಲಿಯೇ ಕಲಿತವರು. ಆ ಕೋರ್ಸು ಮುಂದೆ ಹೆಸರಘಟ್ಟಕ್ಕೆ ಹೋಯಿತು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಈ ಮೂರ್ತಿಯವರೇ. ಗಿರೀಶ ಕಾಸರವಳ್ಳಿಯವರ ದಾರಿ ಬೇರೆ. ಅವರು ಮೊದಲು ಓದಿದ್ದು ಔಷಧ ವಿಜ್ಞಾನ, ಮಣಿಪಾಲದಲ್ಲಿ. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್. ಅಲ್ಲಿಂದ ಬಂದು ಕೆಲವೇ ವರ್ಷಕ್ಕೆ ‘ಘಟಶ್ರಾದ್ಧ’, ಸ್ವರ್ಣಕಮಲ. ಹದಿನೆಂಟನೆಯ ವಯಸ್ಸಿನಲ್ಲಿ ನಾಟಕ ತೆಗೆದುಕೊಳ್ಳದಿದ್ದರೆ ಬಾಗಿಲು ಮುಚ್ಚಿತು ಎಂದೇನೂ ಅಲ್ಲ.

ನಾಟಕ, ಸಿನಿಮಾ ಎರಡೂ ಆಯಿತು. ಮಾಡುವುದು, ನೋಡುವುದು ಆಯಿತು. ಇನ್ನು ಬರೆಯುವುದು. ಮಕ್ಕಳಿಗೆ ಇಷ್ಟವಾಗದ ಭಾಗ ಇದು. ನನಗೆ ಮುಖ್ಯವಾದ ಭಾಗವೂ ಇದೇ.

ಪದವಿ ಎಂದ ಮೇಲೆ ಭರತನ ನಾಟ್ಯಶಾಸ್ತ್ರವನ್ನು ಮುಟ್ಟಬೇಕು. ಗ್ರೀಕರನ್ನು, ಯಕ್ಷಗಾನವನ್ನು, ದೊಡ್ಡಾಟ ಸಣ್ಣಾಟಗಳನ್ನು ಮುಟ್ಟಬೇಕು. ಇದೆಲ್ಲ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಇನ್ನೂ ಹೆಚ್ಚು. ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಹುಡುಗನಾಗಿದ್ದಾಗ ಹೆಣ್ಣುಪಾತ್ರ ಮಾಡುತ್ತಿದ್ದವರು, ಮುಂದೆ ಸ್ವಂತ ಕಂಪನಿ ಕಟ್ಟಿದವರು. ಅಂಥ ಹೆಸರಾಂತವರ ಮಾತನ್ನು ಯಾರಾದರೂ ದಾಖಲಿಸಿರುತ್ತಾರೆ. ಆದರೆ ಕಂಪನಿಯಲ್ಲಿ ಪರದೆ ಬರೆದವನು, ಹಾರ್ಮೋನಿಯಂ ನುಡಿಸಿದವನು, ಅಡುಗೆ ಮಾಡಿದವಳು, ಇವರನ್ನು ಯಾರು ಕೇಳಿದ್ದಾರೆ? ಗದಗ, ಇಳಕಲ್ಲು, ಗುಳೇದಗುಡ್ಡದ ಕಡೆ ಅಂಥವರು ಇನ್ನೂ ಸಿಗುತ್ತಾರೆ. ಅವರ ಮುಂದೆ ಕೂತು, ಕೇಳಿ, ರೆಕಾರ್ಡ್ ಮಾಡಿ, ಹತ್ತು ಪುಟ ಬರೆಯುವ ಕೆಲಸವನ್ನು ಬಿ.ಎ. ವಿದ್ಯಾರ್ಥಿ ಮಾಡಬಲ್ಲ. ಹೀಗೆ ಮಾಡಿದ ಹತ್ತು ಪುಟ ಎಲ್ಲಿಂದಲೋ ನಕಲು ಹೊಡೆದ ನೂರು ಪುಟಕ್ಕಿಂತ ಮೇಲು.

ಅಂಕ ಕೊಡುವುದು ಹೇಗೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾಟಕ ಎಲ್ಲರೂ ಸೇರಿ ಆಡಿದ್ದು, ಅಂಕಪಟ್ಟಿಯಲ್ಲಿ ಹೆಸರು ಒಬ್ಬೊಬ್ಬರದು. ಚಪ್ಪಾಳೆ ನೋಡಿ ಅಂಕ ಕೊಡುವವರಿದ್ದಾರೆ. ಅದು ಸಲ್ಲದು. ಪ್ರತಿಯೊಬ್ಬನೂ ತಾಲೀಮಿನ ದಿನಚರಿ ಬರೆಯಬೇಕು. ಇವತ್ತು ಏನು ಪ್ರಯತ್ನಿಸಿದೆವು, ಯಾಕೆ ಬಿಟ್ಟೆವು. ನಾಟಕ ಬಿದ್ದರೂ ದಿನಚರಿ ಚೆನ್ನಾಗಿದ್ದರೆ ಆ ಮಗು ಕಲಿತಿದೆ. ನಾಟಕ ಗೆದ್ದು ದಿನಚರಿ ಖಾಲಿ ಇದ್ದರೆ ಅದೃಷ್ಟ ಚೆನ್ನಾಗಿತ್ತು, ಅಷ್ಟೆ.

ಇಷ್ಟು ಕೇಳಿದ ಮೇಲೆ ಅಪ್ಪ ಅಮ್ಮಂದಿರ ಮನಸ್ಸಿನಲ್ಲಿ ಉಳಿಯುವುದು ಹೊಟ್ಟೆಪಾಡಿನ ಪ್ರಶ್ನೆ. ಅದನ್ನು ಮುಚ್ಚಿಡುವುದಿಲ್ಲ. ಬರೀ ರಂಗಭೂಮಿಯಿಂದ ಸಂಸಾರ ನಡೆಸುವವರು ಕಡಿಮೆ. ಸಿನಿಮಾದಲ್ಲಿ ಹಣ ಇದೆ, ನಂಬಿಕೆ ಇಲ್ಲ. ಆದರೆ ಅಕ್ಕಪಕ್ಕದ ಕೆಲಸಗಳಿವೆ. ಕೆಲವು ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಿದ್ದಾರೆ. ಧಾರಾವಾಹಿಗೆ ಸಂಭಾಷಣೆ ಬರೆಯುವವರು ಬೇಕು, ಡಬ್ಬಿಂಗ್‌ಗೆ ದನಿ ಬೇಕು, ಸಂಕಲನಕ್ಕೆ ಜನ ಬೇಕು. ಪತ್ರಿಕೆಗೆ, ಜಾಹೀರಾತಿಗೆ, ಆಕಾಶವಾಣಿಗೆ ಬೇಕು. ಅದಕ್ಕೇ ನಾನು ಹೇಳುವುದು, ನಾಟಕವನ್ನು ಒಂಟಿಯಾಗಿ ತೆಗೆದುಕೊಳ್ಳಬೇಡಿ. ಜೊತೆಯಲ್ಲಿ ಕನ್ನಡವೋ ಮನಶ್ಶಾಸ್ತ್ರವೋ ಪತ್ರಿಕೋದ್ಯಮವೋ ಐಚ್ಛಿಕವಾಗಿ ಇರಲಿ. ಬಿ.ಎ.ಯ ಅನುಕೂಲವೇ ಅದು.

ಕೊನೆಯದಾಗಿ ಕಾಲೇಜು ಆರಿಸುವ ಮಾತು. ವಿವರಣ ಪುಸ್ತಕದ ಬಣ್ಣದ ಚಿತ್ರ ನೋಡಬೇಡಿ. ಹೋಗಿ ನೋಡಿ. ಮಕ್ಕಳಿಗೆ ದಿನಾ ಸಿಗುವ ಒಂದು ಖಾಲಿ ಕೋಣೆ ಇದೆಯೇ? ಮೇಜು ಕುರ್ಚಿ ತೆಗೆದರೆ ಸಾಕು, ದೊಡ್ಡ ರಂಗಮಂದಿರ ಬೇಡ. ಇರುವ ರಂಗಮಂದಿರಕ್ಕೆ ವರ್ಷವಿಡೀ ಬೀಗ ಹಾಕಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಮೊದಲ ವರ್ಷದವರಿಗೆ ಕೆಲಸ ಕೊಡುತ್ತಾರೆಯೇ, ಅಥವಾ ಕೊನೆಯ ವರ್ಷದವರೇ ಎಲ್ಲ ಪಾತ್ರ ಹಂಚಿಕೊಳ್ಳುತ್ತಾರೆಯೇ? ಮಕ್ಕಳನ್ನು ಹೊರಗಿನ ನಾಟಕಕ್ಕೆ, ಚಿತ್ರೋತ್ಸವಕ್ಕೆ ಕರೆದುಕೊಂಡು ಹೋಗುತ್ತಾರೆಯೇ? ನೀನಾಸಮ್‌ನವರು 1973ರಲ್ಲೇ ಚಿತ್ರಸಮಾಜ ಕಟ್ಟಿ ಹೆಗ್ಗೋಡಿನ ಅಡಿಕೆ ಬೆಳೆಗಾರರಿಗೆ, ಕೂಲಿಯವರಿಗೆ ಸತ್ಯಜಿತ್ ರೇ, ಕುರೊಸಾವಾ ಚಿತ್ರ ತೋರಿಸಿದರು. ಜನ ಕೂತು ನೋಡಿದರು. ನೋಡಿದ್ದನ್ನು ಚರ್ಚೆ ಮಾಡಿದರು. ಅಷ್ಟು ಸಣ್ಣ ಊರಿನಲ್ಲಿ ಸಾಧ್ಯವಾದದ್ದು ಜಿಲ್ಲಾ ಕೇಂದ್ರದ ಕಾಲೇಜಿಗೆ ಯಾಕೆ ಸಾಧ್ಯವಿಲ್ಲ ಎಂದು ಧೈರ್ಯವಾಗಿ ಕೇಳಿ.

ಹೆಣ್ಣುಮಕ್ಕಳ ಪೋಷಕರಿಗೆ ಇನ್ನೊಂದು ಪ್ರಶ್ನೆ ಇರುತ್ತದೆ, ಸಂಕೋಚದಿಂದ ಕೇಳುವುದಿಲ್ಲ. ಕೇಳಬೇಕು. ತಾಲೀಮು ಎಷ್ಟು ಹೊತ್ತಿಗೆ ಮುಗಿಯುತ್ತದೆ? ಆಮೇಲೆ ಬಸ್ಸು ಇದೆಯೇ? ಬಟ್ಟೆ ಬದಲಿಸಲು ಚಿಲಕ ಇರುವ ಕೋಣೆ ಇದೆಯೇ? ಇದಕ್ಕೆ ಸರಿಯಾದ ಉತ್ತರ ಕೊಡದ ವಿಭಾಗ ನಾಟಕವನ್ನೂ ಸರಿಯಾಗಿ ಕಲಿಸುವುದಿಲ್ಲ. ಒಳ್ಳೆಯ ವಿಭಾಗದಲ್ಲಿ ಸಂಜೆ ಇಷ್ಟು ಗಂಟೆಗೆ ಮುಗಿಯುತ್ತದೆ ಎಂದು ಗೋಡೆಗೇ ಬರೆದು ಅಂಟಿಸಿರುತ್ತಾರೆ.

ಅರ್ಜಿ ಹಾಕುವ ಮುನ್ನ ಮಕ್ಕಳು ಒಂದು ಕೆಲಸ ಮಾಡಲಿ. ನಿಮ್ಮ ಊರಿಗೆ ಹತ್ತಿರದಲ್ಲಿ ಯಾವುದಾದರೂ ನಾಟಕ ನೋಡಿ. ಜಾತ್ರೆಯ ಕಂಪನಿ ನಾಟಕವಾದರೂ ಸರಿ, ಹವ್ಯಾಸಿಗಳದ್ದಾದರೂ ಸರಿ, ಬಯಲಾಟವಾದರೂ ಸರಿ. ಮರುದಿನ ಒಂದು ಪುಟ ಬರೆಯಿರಿ. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂಬ ಎರಡು ಮಾತನ್ನು ಮಾತ್ರ ಆ ಪುಟದಲ್ಲಿ ಬಳಸಬಾರದು. ಸಂದರ್ಶನಕ್ಕೆ ಹೋಗುವಾಗ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಮೇಷ್ಟ್ರು ಕೇಳದಿದ್ದರೆ ನೀವೇ ತೆಗೆದು ಕೊಡಿ.